ಅಕ್ಕನ ದುಂಡು ಮೇಜು

ನಮ್ಮ ಅಂಗಡಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಡಿಮ್ಮಿ ಎಂದರೇ ಓಗೊಡುತ್ತಾಳೆ. ಮಾಲೀಕರೊಬ್ಬರು ಮಾತ್ರ ಗಿರಾಕಿಗಳ ಎದುರು ‘ನಮ್ಮ ಲೈಟಿಂಗ್ ಮೇಡಂ’ ಎನ್ನುತ್ತಾರೆ. ಗಿರಾಕಿ ಮೆಟ್ಟಿಲಿಳಿದ ಮೇಲೆ ಅವರಿಗೂ ಅವಳು ಡಿಮ್ಮಿಯೇ. ಈ ಹೆಸರಿಟ್ಟವಳು ನಾನು. ಯಾರ ಮನೆಗೆ ಹೋದರೂ ಮೊದಲು ಟ್ಯೂಬ್‌ಲೈಟ್ ಕೀಳಿಸಿ, ಉಳಿದ ದೀಪಗಳನ್ನೆಲ್ಲ ಡಿಮ್ ಮಾಡಿಸಿ ಬರುವವಳನ್ನು ಇನ್ನೇನೆಂದು ಕರೆಯಬೇಕು?

ನಾನು ಅದೇ ಅಂಗಡಿಯಲ್ಲಿ ಬಟ್ಟೆಯ ಕೌಂಟರಿನವಳು. ಸೋಫಾ, ಕುರ್ಚಿ, ಮಂಚದ ತಲೆಹಲಗೆಗೆ ಹೊದಿಸುವ ಬಟ್ಟೆ, ಕಿಟಕಿಯ ಪರದೆ, ಇವೆಲ್ಲ ನನ್ನ ಪಾಲು. ಕೆಳಗಿನ ಅಂತಸ್ತಿನಲ್ಲಿ ಸೋಫಾಗಳೂ ಮಂಚಗಳೂ ಇವೆ, ನಡುವಿನದರಲ್ಲಿ ಊಟದ ಮೇಜುಗಳು, ಮೇಲಿನದರಲ್ಲಿ ಸೂರಿನಿಂದ ಇಳಿಬಿದ್ದ ನೂರಾರು ದೀಪಗಳು. ಹೆಸರಿಗೆ ಡಿಮ್ಮಿ ದೀಪದವಳಾದರೂ ಒಂದು ಮನೆಯ ಕೆಲಸ ಅವಳ ಕೈಗೆ ಬಿತ್ತೆಂದರೆ ಮೂರು ಅಂತಸ್ತೂ ಅವಳದೇ. ಯಾವ ಕೋಣೆಗೆ ಯಾವ ಮೇಜು, ಅದರ ಮೇಲೆ ಯಾವ ದೀಪ, ದೀಪ ಎಷ್ಟು ಕೆಳಗೆ ಇಳಿಯಬೇಕು, ಎಲ್ಲವನ್ನೂ ಅವಳೇ ತೀರ್ಮಾನಿಸುತ್ತಾಳೆ. ನಾನು ಆರಿಸಿಟ್ಟ ಬಟ್ಟೆಯನ್ನು ಮೂಗು ಮುರಿದು ಬದಿಗೆ ಸರಿಸುವ ಧೈರ್ಯವಿರುವವಳೂ ಅವಳೊಬ್ಬಳೇ.

ಬಲ್ಬು ಕಾಣಬಾರದು, ಬೆಳಕು ಮಾತ್ರ ಕಾಣಬೇಕು ಎಂಬುದು ಅವಳ ಹಟ. ಟ್ಯೂಬ್‌ಲೈಟ್ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅದು ಆಸ್ಪತ್ರೆಯ ಬೆಳಕು, ಪೊಲೀಸ್ ಠಾಣೆಯ ಬೆಳಕು ಎಂದು ಗಿರಾಕಿಗಳ ಮುಂದೆಯೇ ಹೀಯಾಳಿಸುತ್ತಿದ್ದಳು. ಒಬ್ಬರ ಮುಖದ ಮೊಡವೆಯನ್ನು ಇನ್ನೊಬ್ಬರು ಎಣಿಸಲಿ ಎಂದು ಯಾರಾದರೂ ಮನೆ ಕಟ್ಟಿಸುತ್ತಾರೆಯೇ ಎಂದು ಅವಳು ಕೇಳಿದರೆ ಗಂಡಸರು ನಗುತ್ತಿದ್ದರು, ಹೆಂಗಸರು ಕೆನ್ನೆ ಮುಟ್ಟಿಕೊಂಡು ಒಪ್ಪುತ್ತಿದ್ದರು. ಮೇಜು ಹೊಳೆಯಬೇಕು, ಮನುಷ್ಯರು ಅದರ ಸುತ್ತ ನೆರಳಾಗಿ ಇರಬೇಕು. ಅವಳು ಸಜ್ಜುಗೊಳಿಸಿದ ಮನೆಗಳು ಚೆನ್ನಾಗಿಯೇ ಇರುತ್ತಿದ್ದವು, ಅದರಲ್ಲಿ ಎರಡು ಮಾತಿಲ್ಲ.

ಅವಳಲ್ಲಿ ಒಂದು ವಿಚಿತ್ರ ಅಭ್ಯಾಸವಿತ್ತು. ಯಾರೊಡನೆ ಮಾತಿಗೆ ನಿಂತರೂ ಮೆಲ್ಲನೆ ಸರಿದು ಬೆಳಕಿಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಏನಾದರೂ ಗುಟ್ಟು ಹೇಳಬೇಕೆಂದರೆ ನನ್ನನ್ನು ಮೂಲೆಗೆ ಕರೆಯುವ ಬದಲು ಕಿಟಕಿಯ ಹತ್ತಿರ ಎಳೆದೊಯ್ಯುತ್ತಿದ್ದಳು. ಮಾತೂ ಹಾಗೆಯೇ. ತುಟಿ ಪೂರ್ತಿ ತೆರೆದು, ಒಂದೊಂದು ಅಕ್ಷರವನ್ನೂ ಕಡಿದು ಕೈಗಿಟ್ಟಂತೆ ಮಾತಾಡುವಳು. ಎಲ್ಲ ಬೆಡಗು ಎಂದುಕೊಂಡು ನಾನು ಕಾಡಿಸುತ್ತಿದ್ದೆ. ಇಲ್ಲಿ ಫೋಟೋ ತೆಗೆಯುವವರು ಯಾರೂ ಇಲ್ಲ ಮಹಾರಾಯಿತಿ, ನೆರಳಿಗೆ ಬಾ ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಯಾಕೆ ಹಾಗೆ ನಿಲ್ಲುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಡಿಮ್ಮಿಗೆ ಒಬ್ಬಳೇ ಅಕ್ಕ. ತಾಯಿ ಕೆಲಸಕ್ಕೆ ಹೋಗುತ್ತಿದ್ದುದರಿಂದ ಇವಳ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ಮುಂದೆ ಇವಳು ಒಳಾಂಗಣ ವಿನ್ಯಾಸ ಕಲಿಯುತ್ತೇನೆಂದು ಹಟ ಹಿಡಿದಾಗ ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಓದಿಸಿದವಳೂ ಅಕ್ಕನೇ. ಭಾವ ಔಷಧಿ ಕಂಪನಿಯ ಪ್ರತಿನಿಧಿ, ವಾರದಲ್ಲಿ ಅರ್ಧ ಪರವೂರಿನಲ್ಲಿ ಇರುವವರು. ಒಬ್ಬಳೇ ಮಗಳು. ಕಾಲೇಜಿಗೆ ಆಗಷ್ಟೇ ಸೇರಿದ್ದಳು, ಈಜುವುದೆಂದರೆ ಊಟ ನಿದ್ದೆ ಬಿಡುತ್ತಿದ್ದಳು. ಎಷ್ಟೋ ವರ್ಷ ಬಾಡಿಗೆ ಮನೆಯಲ್ಲಿದ್ದು ಕೊನೆಗೂ ಅವರು ಒಂದು ಫ್ಲ್ಯಾಟ್ ಕೊಂಡಾಗ ಡಿಮ್ಮಿ ಒಂದೇ ಮಾತು ಹೇಳಿದಳು: ಗೋಡೆ ನಿಮ್ಮದು, ಒಳಗಿನದೆಲ್ಲ ನನ್ನದು, ಯಾರೂ ಬಾಯಿ ಹಾಕಬಾರದು.

ಆ ಮನೆಗಾಗಿ ಅವಳು ಪಟ್ಟ ಪಾಡನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಜಾರಕ್ಕೆ ಎತ್ತರ ಬೆನ್ನಿನ ಉದ್ದನೆಯ ಸೋಫಾ, ಅದರ ಹಿಂದೆ ಬಿಲ್ಲಿನಂತೆ ಬಾಗಿದ ನಿಲುವುದೀಪ. ಕೂತವರ ಬೆನ್ನ ಹಿಂದಿನಿಂದ ಜೇನಿನ ಬಣ್ಣದ ಬೆಳಕು ಬರುತ್ತಿತ್ತು. ಮಲಗುವ ಕೋಣೆಯಲ್ಲಿ ಮಂಚದ ತಲೆಹಲಗೆಯ ಹಿಂದೆ ಅಡಗಿಸಿದ ಪಟ್ಟಿದೀಪ, ಗೋಡೆ ಮಾತ್ರ ಬೆಳಗುವಂಥದ್ದು. ಮಗಳ ಕೋಣೆಗೆ ಕಿಟಕಿಗೆ ಒರಗಿಸಿದ ಮೆತ್ತೆಯ ಪೀಠ. ಅಡುಗೆಮನೆಯ ಗೋಡೆ ಒಡೆಸಿ, ಕಪಾಟಿನ ಅಡಿಯಲ್ಲಿ ದೀಪ ಕೂಡಿಸಿ, ಒಲೆಯನ್ನು ಗೋಡೆಯ ಕಡೆ ತಿರುಗಿಸಿದಳು. ಊಟದ ಕೋಣೆಗೆಂದು ಅವಳೇ ಮರದ ಮಂಡಿಗೆ ಹೋಗಿ ಒಂದೇ ದಿಮ್ಮಿಯಿಂದ ಕೊಯ್ದ ಉದ್ದ ಹಲಗೆ ತಂದು ಮೇಜು ಮಾಡಿಸಿದಳು. ಅದರ ಮೇಲೆ ತಲೆಗೆ ತಾಗುವುದೇನೋ ಎನ್ನುವಷ್ಟು ಕೆಳಗೆ, ಬೋರಲು ಹಾಕಿದ ಬಟ್ಟಲಿನಂಥ ಹಿತ್ತಾಳೆಯ ದೀಪ. ಅದರ ಬೆಳಕು ತಟ್ಟೆಯ ಮೇಲೆ ಬೀಳಬೇಕು, ಕಣ್ಣಿಗೆ ಬೀಳಬಾರದು ಎಂದು ವೈರನ್ನು ಬೆರಳಷ್ಟು ಬೆರಳಷ್ಟೇ ಇಳಿಸಿ ಎತ್ತಿ ಕೆಲಸದವರ ಜೀವ ತಿಂದಳು. ಅಕ್ಕನ ಹೊಲಿಗೆ ಯಂತ್ರಕ್ಕೆ ಮಾತ್ರ ಬಾಲ್ಕನಿಯ ಪಕ್ಕ ಒಂದು ಮೂಲೆ, ನೆಟ್ಟಗೆ ಬೀಳುವ ಒಂದು ಬೆಳಕು. ಸೂಜಿಗೆ ದಾರ ಪೋಣಿಸಬೇಕಲ್ಲ ಎಂದಳು.

ಅಳತೆ ತೆಗೆಯಲು ಹೋದಾಗಲೆಲ್ಲ ನಾನು ಅಕ್ಕನೊಡನೆ ಮಾತಾಡುತ್ತಿದ್ದೆ. ಸಣ್ಣ ಮೈಕಟ್ಟಿನ, ಕಿವಿ ಮುಚ್ಚುವಂತೆ ಕೂದಲು ಬಾಚಿದ, ಸದಾ ನಗುಮುಖದ ಹೆಂಗಸು. ನಾನು ಬಾಯಿ ತೆಗೆದರೆ ಕಣ್ಣು ಕೀಳದೆ ನೋಡುತ್ತಿದ್ದರು. ನನ್ನ ಗಂಡನೂ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವನಲ್ಲ ಎಂದು ಡಿಮ್ಮಿಗೆ ಹೇಳಿ ನಕ್ಕಿದ್ದೆ.

ಹಳೆಯ ಮನೆಯ ಸಾಮಾನಿನಲ್ಲಿ ಅಕ್ಕ ಉಳಿಸಿಕೊಳ್ಳಬೇಕೆಂದು ಕೇಳಿದ್ದು ಒಂದೇ ವಸ್ತು. ಫಾರ್ಮೈಕಾ ಮೇಲ್ಮೈಯ ಒಂದು ದುಂಡು ಊಟದ ಮೇಜು. ಅದರ ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಗುರುತಿತ್ತು, ಒಂದು ಕಾಲಿನ ಅಡಿಗೆ ರಟ್ಟು ಮಡಿಸಿ ಇಟ್ಟಿದ್ದರು. ಅದು ಈ ಮನೆಗೆ ಬಂದರೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ ಎಂದು ಡಿಮ್ಮಿ ಅಕ್ಕನ ಹೆಗಲು ಹಿಡಿದು ನಕ್ಕಳು. ಅಕ್ಕ ಮತ್ತೆ ಕೇಳಲಿಲ್ಲ. ಮೇಜು ಅಂಗಡಿಯ ವ್ಯಾನಿನಲ್ಲಿ, ಮೇಲಿನ ಅಂತಸ್ತಿನ ಹಿಂಬದಿಯ ನಮ್ಮ ಗೋದಾಮಿಗೆ ಬಂತು. ಅಂದಿನಿಂದ ನಾವು ನಾಲ್ಕೈದು ಜನ ಮಧ್ಯಾಹ್ನದ ಡಬ್ಬಿ ಬಿಚ್ಚುವುದು ಅದರ ಸುತ್ತಲೇ. ಅಲ್ಲಿ ತಲೆಯ ಮೇಲೆ, ಡಿಮ್ಮಿ ಎಷ್ಟು ಬೈದರೂ ಮಾಲೀಕರು ಬದಲಿಸದ ಎರಡು ಟ್ಯೂಬ್‌ಲೈಟು.

ಹೊಸ ಮನೆ ಎಲ್ಲರ ಬಾಯಿಗೂ ಬಿತ್ತು. ನೆಂಟರು ಬಂದು ನೋಡಿದರು, ಭಾವ ಎದೆ ಉಬ್ಬಿಸಿಕೊಂಡು ಒಂದೊಂದೇ ಗುಂಡಿ ಒತ್ತಿ ತೋರಿಸಿದರು. ಅಕ್ಕ ಪ್ರತಿ ಸಾಮಾನಿನ ಮೇಲೂ ಕೈಯಾಡಿಸಿ ಚೆನ್ನಾಗಿದೆ ಎಂದರು. ಮಾಲೀಕರು ಫೋಟೋದವನನ್ನು ಕಳಿಸಿ, ಆ ಊಟದ ಕೋಣೆಯ ಚಿತ್ರವನ್ನು ಆಳೆತ್ತರ ಮಾಡಿಸಿ ನಡುವಿನ ಅಂತಸ್ತಿನ ಗೋಡೆಗೆ ಹಾಕಿಸಿದರು. ಇಡೀ ಕುಟುಂಬ ಮೇಜಿನ ಸುತ್ತ ಕೂತ ಚಿತ್ರ. ಡಿಮ್ಮಿ ದಿನವೂ ಅದರ ಮುಂದೆ ಒಂದು ಗಳಿಗೆ ನಿಂತು ಹೋಗುತ್ತಿದ್ದಳು. ನೋಡಿ ನೋಡಿ ದೃಷ್ಟಿ ತಗುಲಿಸಬೇಡ ಎಂದು ನಾನು ಅಂದದ್ದುಂಟು.

ಕೆಲವು ತಿಂಗಳು ಕಳೆದ ಮೇಲೆ ಅಕ್ಕನ ಬಗ್ಗೆ ಒಂದೊಂದೇ ಮಾತು ಬರತೊಡಗಿತು. ಭಾವ ಅಂಗಡಿಗೆ ಬಂದವರು, ನಿಮ್ಮಕ್ಕನಿಗೆ ಹೊಸ ಮನೆಗೆ ಬಂದ ಮೇಲೆ ಸ್ವಲ್ಪ ಬಿಂಕ ಬಂದಿದೆ, ನಾಲ್ಕು ಮಾತಾಡಿದರೆ ಒಂದಕ್ಕೆ ಉತ್ತರ ಎಂದು ತಮಾಷೆಯಾಗಿ ದೂರಿದರು. ಮನೆಗೆ ಬಂದವರು ಹಜಾರದಲ್ಲಿ ಹರಟುತ್ತಿದ್ದರೆ ಅಕ್ಕ ಹೊಲಿಗೆ ಇದೆಯೆಂದು ಮೂಲೆ ಸೇರುತ್ತಿದ್ದಾರೆ ಎಂದರು. ಡಿಮ್ಮಿ ಫೋನಿನಲ್ಲಿ ಬರೆದು ವಿಚಾರಿಸಿದರೆ ಅಕ್ಕ ಚೆನ್ನಾಗಿದ್ದೇನೆ ಎಂದು ಬರೆಯುತ್ತಿದ್ದರು. ಡಿಮ್ಮಿಗೆ ಕೈತುಂಬ ಕೆಲಸ. ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಎನ್ನುತ್ತ ಉಳಿದಳು.

ಒಂದು ಮಧ್ಯಾಹ್ನ ನಾವು ಗೋದಾಮಿನಲ್ಲಿ ಊಟಕ್ಕೆ ಕೂತಿದ್ದಾಗ ಅಕ್ಕನ ಮಗಳು ಕಾಲೇಜಿನ ಚೀಲ ಹೊತ್ತುಕೊಂಡು ಬಂದಳು. ಮುಖ ಊದಿಕೊಂಡಿತ್ತು. ತಾನು ಹುಟ್ಟಿದಾಗಿನಿಂದ ಉಂಡ ಮೇಜನ್ನು ಅಲ್ಲಿ ಕಂಡು ಒಂದು ಕ್ಷಣ ಬೆರಗಾಗಿ, ಸುಟ್ಟ ಗುರುತಿನ ಮೇಲೆ ಬೆರಳಿಟ್ಟುಕೊಂಡು ಕೂತಳು. ಸ್ವಲ್ಪ ದಿನ ನಿಮ್ಮ ಮನೆಯಲ್ಲಿ ಇರುತ್ತೇನೆ ಚಿಕ್ಕಮ್ಮ ಎಂದಳು. ಯಾಕೆಂದು ಕೇಳಿದೆವು. ಒಮ್ಮೆಲೇ ಎಲ್ಲ ಹೊರಬಂತು.

ಕಾಲೇಜಿನ ಈಜು ತಂಡಕ್ಕೆ ಅವಳನ್ನು ತೆಗೆದುಕೊಂಡಿರಲಿಲ್ಲ. ಇಷ್ಟು ವರ್ಷ ಬೆಳಗಿನ ಚಳಿಯಲ್ಲಿ ನೀರಿಗಿಳಿದದ್ದೆಲ್ಲ ದಂಡವಾಗಿತ್ತು. ಭಾವ ಊರಲ್ಲಿರಲಿಲ್ಲ. ಆ ಸಂಜೆ ಊಟದ ಮೇಜಿನಲ್ಲಿ ಅವಳು ತಟ್ಟೆ ನೋಡುತ್ತ ತಾಯಿಗೆ ವಿಷಯ ಹೇಳಿದ್ದಳು. ಹೇಳಲು ದಿನವೆಲ್ಲ ಧೈರ್ಯ ಕೂಡಿಸಿಕೊಂಡಿದ್ದಳಂತೆ.

“ಅಮ್ಮ ನಕ್ಕಳು ಚಿಕ್ಕಮ್ಮ. ನಕ್ಕು, ನನಗೆ ಮೊದಲೇ ಗೊತ್ತಿತ್ತು ಬಿಡು ಅಂದ್ಳು. ಇನ್ನೊಂದು ಸ್ವಲ್ಪ ಬಡಿಸ್ಲಾ ಅಂತ ಕೇಳಿದ್ಳು.”

ಅಂದಿನಿಂದ ಹುಡುಗಿ ತಾಯಿಯೊಡನೆ ಮಾತು ಬಿಟ್ಟಿದ್ದಳು. ತಾಯಿ ಅದನ್ನೂ ಗಮನಿಸಿದಂತಿಲ್ಲ, ನೋಡಿದಾಗಲೆಲ್ಲ ನಗುತ್ತಾಳೆ, ಆ ನಗು ಕಂಡರೆ ಮೈ ಉರಿಯುತ್ತದೆ ಎಂದಳು. ನನಗೂ ಆ ತಾಯಿಯ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಮಗಳ ಮೇಲೆ ಅಷ್ಟೂ ನಂಬಿಕೆ ಇಲ್ಲದ ಎಂಥ ತಾಯಿ ಇವಳು ಎಂದುಕೊಂಡೆ.

ಡಿಮ್ಮಿ ಮಾತ್ರ ಕೈಯ ತುತ್ತನ್ನು ಡಬ್ಬಿಗೆ ಹಾಕಿದಳು. ಅವಳ ಮುಖ ಬಿಳಿಚಿಕೊಂಡಿತು. ಊಟದ ಮೇಜಿನಲ್ಲಿ ಯಾವ ದೀಪ ಹಾಕಿತ್ತು ಎಂದು ಕೇಳಿದಳು. ಇದೆಂಥ ಪ್ರಶ್ನೆ ಎಂಬಂತೆ ಹುಡುಗಿ ಅವಳನ್ನು ನೋಡಿ, ನೀವೇ ಹಾಕಿಸಿದ ಹಿತ್ತಾಳೆಯದು, ಅಲ್ಲಿ ಬೇರೆ ಯಾವುದಿದೆ ಎಂದಳು. ಡಿಮ್ಮಿ ಎದ್ದು ಕೈತೊಳೆಯದೆ ನಡುವಿನ ಅಂತಸ್ತಿಗೆ ಇಳಿದುಹೋದಳು.

ಹುಡುಗಿಗೆ ಟೀ ತರಿಸಿಕೊಟ್ಟು ನಾನು ಹಿಂದೆಯೇ ಹೋದೆ. ಡಿಮ್ಮಿ ಆ ದೊಡ್ಡ ಚಿತ್ರದ ಮುಂದೆ ನಿಂತಿದ್ದಳು. ಅದನ್ನು ನಾನು ಎಷ್ಟು ಸಲ ನೋಡಿದ್ದೆನೋ. ಆ ದಿನವೇ ಮೊದಲ ಸಲ ಸರಿಯಾಗಿ ನೋಡಿದ್ದು. ಮೇಜು ಹೊಳೆಯುತ್ತಿತ್ತು, ತಟ್ಟೆಗಳು ಹೊಳೆಯುತ್ತಿದ್ದವು, ಆರು ಕೈಗಳು ಬೆರಳು ಬೆರಳಾಗಿ ಕಾಣುತ್ತಿದ್ದವು. ಕತ್ತಿನಿಂದ ಮೇಲೆ ಯಾರೆಂದರೆ ಯಾರಿಗೂ ಮುಖವಿರಲಿಲ್ಲ.

“ಅಕ್ಕನಿಗೆ ಕಿವಿ ಕೇಳಿಸಲ್ಲ ಕಣೇ,” ಎಂದಳು ಡಿಮ್ಮಿ. “ತುಟಿ ನೋಡಿ ಮಾತು ತಿಳ್ಕೋತಾಳೆ. ನನಗದು ಮರೆತೇ ಹೋಗಿತ್ತು.”

ಮೆಟ್ಟಿಲ ಮೇಲೆ ಕೂತು ಉಳಿದದ್ದನ್ನು ಹೇಳಿದಳು. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅಕ್ಕನ ಕಿವಿಯನ್ನು ಮೆಲ್ಲಮೆಲ್ಲನೆ ತಿಂದುಹಾಕಿತ್ತು. ಕೂದಲ ಅಡಿಯಲ್ಲಿ ಒಂದು ಯಂತ್ರವಿದೆ, ಅದರಿಂದ ಬರುವುದು ಬರೀ ಗದ್ದಲ, ಮಾತು ಬಿಡಿಸಿ ತಿಳಿಯುವುದಿಲ್ಲ. ಅಕ್ಕನ ಹತ್ತಿರ ಮಾತಾಡುವಾಗ ಬೆಳಕಿಗೆ ಮುಖ ಮಾಡು, ತುಟಿ ಬಿಚ್ಚಿ ಮಾತಾಡು ಎಂದು ತಾಯಿ ಡಿಮ್ಮಿಗೆ ಬುದ್ಧಿ ಬಂದಾಗಿನಿಂದ ಹೇಳಿಕೊಟ್ಟಿದ್ದರು. ಕರೆಂಟ್ ಹೋದರೆ ಪುಟ್ಟ ಡಿಮ್ಮಿ ಗದ್ದದ ಅಡಿಗೆ ಮೇಣದ ಬತ್ತಿ ಹಿಡಿದುಕೊಂಡು, ಮನೆಯವರು ಅಂದದ್ದನ್ನೆಲ್ಲ ಅಕ್ಕನಿಗೆ ಮತ್ತೊಮ್ಮೆ ಒಪ್ಪಿಸುತ್ತಿದ್ದಳಂತೆ. ಒಮ್ಮೆ ಮುಂಗೂದಲು ಸುಟ್ಟುಕೊಂಡದ್ದೂ ಇದೆ. ಮದುವೆಯ ಮಾತು ಬಂದಾಗ ಅಕ್ಕ ಒಂದು ಕಿವಿ ಸ್ವಲ್ಪ ಮಂದ ಎಂದಷ್ಟೇ ಹೇಳಿಸಿದ್ದಳು. ಯಂತ್ರ ಹಾಕಿಕೊಂಡರೆ ಎಲ್ಲ ಸರಿ ಎಂದು ಭಾವ ನಂಬಿದ್ದರು. ತಾಯಿ ತೀರಿಹೋದ ಮೇಲೆ ನಿಜ ಗೊತ್ತಿರುವವಳು ಡಿಮ್ಮಿ ಒಬ್ಬಳೇ. ಬಾಡಿಗೆ ಮನೆಯ ಟ್ಯೂಬ್‌ಲೈಟಿನ ಕೆಳಗೆ, ದುಂಡು ಮೇಜಿನ ಸುತ್ತ, ಎಲ್ಲರ ಮುಖವೂ ಕಾಣುವಲ್ಲಿ ಅಕ್ಕ ಅಷ್ಟು ವರ್ಷ ಯಾರಿಗೂ ಅನುಮಾನ ಬರದಂತೆ ಸಂಸಾರ ಮಾಡಿದ್ದಳು.

ಆಮೇಲೆ ಡಿಮ್ಮಿ ಆ ಮನೆಯ ಕೋಣೆಗಳನ್ನು ಒಂದೊಂದಾಗಿ ಹೆಸರಿಸತೊಡಗಿದಳು. ಸೋಫಾದ ಹಿಂದಿನ ದೀಪ, ಕೂತವರ ಮುಖ ಕಪ್ಪು. ಮಂಚದ ಹಿಂದಿನ ದೀಪ, ಗಂಡನ ಮುಖ ಕಪ್ಪು. ಕಿಟಕಿಗೆ ಬೆನ್ನು ಕೊಟ್ಟು ಕೂರುವ ಮಗಳ ಪೀಠ. ಒಲೆಯ ಮುಂದೆ ನಿಂತರೆ ಗೋಡೆಗೆ ಮುಖ, ಮನೆಯವರಿಗೆ ಬೆನ್ನು. ಸಾಲಾಗಿ ಕೂರಿಸುವ ಉದ್ದ ಮೇಜು. ಇಡೀ ಮನೆಯಲ್ಲಿ ಒಂದೇ ಒಂದು ಸರಿಯಾದ ಬೆಳಕು ಸೂಜಿಯ ಮೇಲೆ ಬೀಳುತ್ತಿತ್ತು.

“ನನ್ನ ಓದಿಸಿದ್ದು ಅವಳು. ನಾನು ಓದಿದ್ದರಿಂದಲೇ ಅವಳ ಬಾಯಿ ಕಟ್ಟಿಬಿಟ್ಟೆ,” ಎಂದು ಹಣೆ ಹಿಸುಕಿಕೊಂಡಳು.

ಬೇಕಂತಲೇ ಮಾಡಲಿಲ್ಲವಲ್ಲ ಎಂದೆ. ಗೊತ್ತಿಲ್ಲದವರು ಮಾಡಿದ್ದರೆ ಆ ಮಾತು ಸರಿ ಎಂದಳು. ಈಗ ಹೋಗಿ ದೀಪ ಬದಲಿಸಿದರೆ ಯಾಕೆಂದು ಕೇಳುತ್ತಾರೆ. ನಿಜ ಹೇಳಿದರೆ ಅಕ್ಕ ಇಷ್ಟು ವರ್ಷ ಕಾಪಾಡಿದ್ದು ಬೀದಿಗೆ ಬೀಳುತ್ತದೆ. ಹೇಳದಿದ್ದರೆ ತಾಯಿ ತನ್ನ ಸೋಲಿಗೆ ನಕ್ಕಳೆಂದು ಹುಡುಗಿ ಜನ್ಮವಿಡೀ ನೆನೆಯುತ್ತಾಳೆ. ಎರಡರಲ್ಲಿ ಯಾವುದನ್ನೂ ಆರಿಸುವ ಹಕ್ಕು ಡಿಮ್ಮಿಗಿರಲಿಲ್ಲ. ಮೊದಲು ಅಕ್ಕನನ್ನೇ ಕೇಳು ಎಂದೆ ನಾನು. ಆ ರಾತ್ರಿ ಹುಡುಗಿ ಚಿಕ್ಕಮ್ಮನ ಮನೆಯಲ್ಲೇ ಉಳಿದಳು, ಓದುವುದಿದೆಯಂತೆ ಎಂದು ಡಿಮ್ಮಿ ಅಕ್ಕನಿಗೆ ಬರೆದು ತಿಳಿಸಿದಳು.

ಮರುದಿನ ಮಧ್ಯಾಹ್ನ, ಸೋಫಾದ ಹೊಲಿಗೆ ಬಿಟ್ಟಿದೆಯೇನೋ ನೋಡುವ ನೆಪದಲ್ಲಿ ನಾವಿಬ್ಬರೂ ಅಕ್ಕನ ಮನೆಗೆ ಹೋದೆವು. ನಾನು ಬರುವುದಿಲ್ಲವೆಂದೆ, ಡಿಮ್ಮಿ ಕೈ ಬಿಡಲಿಲ್ಲ. ಅಕ್ಕ ಯಂತ್ರದ ಮುಂದೆ ಪುಟ್ಟ ಪುಟ್ಟ ಕಾಲರು ಹೊಲಿಯುತ್ತ ಕೂತಿದ್ದರು. ತಂಗಿಯನ್ನು ಕಂಡು ಮುಖ ಅರಳಿತು. ಡಿಮ್ಮಿ ಬಾಲ್ಕನಿಯ ಪರದೆಯನ್ನು ಪೂರ್ತಿ ಸರಿಸಿ, ಬಿಸಿಲು ತನ್ನ ಮುಖಕ್ಕೆ ಹೊಡೆಯುವಂತೆ ಸ್ಟೂಲು ಎಳೆದು ಕೂತಳು. ಅವಳು ಏನೂ ಹೇಳುವ ಮೊದಲೇ, ಆ ಕೂತ ರೀತಿ ನೋಡಿಯೇ ಅಕ್ಕನಿಗೆ ಅರ್ಥವಾಯಿತು ಎಂದು ತೋರುತ್ತದೆ. ಹೊಲಿಗೆ ನಿಲ್ಲಿಸಿದರು.

ಈ ದೀಪಗಳಲ್ಲಿ ಯಾರ ಮುಖವೂ ಕಾಣುವುದಿಲ್ಲವೆಂದು ಮೊದಲ ದಿನವೇ ಯಾಕೆ ಹೇಳಲಿಲ್ಲ, ನನಗೆ ಎರಡು ಬಾರಿಸಿ ಹೇಳಬಹುದಿತ್ತಲ್ಲ ಎಂದು ಡಿಮ್ಮಿ ಕೇಳಿದಳು.

ಅಕ್ಕ ಕಾಲರಿನ ಮೂಲೆಯನ್ನು ಉಗುರಿನಿಂದ ತೀಡಿದರು. “ನನಗೆ ಖುಷಿಯಾಗಿತ್ತು ಕಣೆ,” ಎಂದರು. “ನಿನಗೇ ಮರೆತುಹೋಗಿದೆ ಅಂದ್ರೆ, ನಾನು ಅಷ್ಟು ಚೆನ್ನಾಗಿ ನಿಭಾಯಿಸ್ತಿದೀನಿ ಅಂತ ಅಲ್ವಾ? ನಿನ್ನ ಕಣ್ಣಿಗೂ ನಾನು ಎಲ್ಲರ ಹಾಗೇ ಆಗ್ಬಿಟ್ಟೆ ಅಂದ್ಕೊಂಡೆ. ಅದನ್ನ ಹಾಳು ಮಾಡೋಕೆ ಮನಸ್ಸು ಬರಲಿಲ್ಲ.”

ಡಿಮ್ಮಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಲು ಕೈ ಎತ್ತಿದರೆ ತುಟಿ ಮರೆಯಾಗುತ್ತದೆಂದು ಕೈ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಮೆಲ್ಲಗೆ ಮಗಳ ಮಾತೆತ್ತಿದಳು. ಅಕ್ಕನ ಮುಖ ಮತ್ತೆ ಬೆಳಗಿತು. ತಂಡಕ್ಕೆ ಸೇರಿದ ಮೇಲೆ ಅವಳಿಗೆ ತಲೆ ನಿಂತಿಲ್ಲ ನೋಡು, ನನ್ನ ಹತ್ತಿರ ಮಾತೇ ಇಲ್ಲ, ಅಭ್ಯಾಸ ಜಾಸ್ತಿಯಿರಬೇಕು ಎಂದರು. ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ.

“ಅವಳನ್ನ ತಂಡಕ್ಕೆ ತಗೊಂಡಿಲ್ಲ ಅಕ್ಕ. ಆವತ್ತು ಅವಳು ನಿನಗೆ ಹೇಳಿದ್ದು ಅದನ್ನೇ.”

ಅಕ್ಕ ಅವಳ ತುಟಿಯನ್ನೇ ನೋಡುತ್ತಿದ್ದರು. ಓದಿದ್ದು ಸರಿಯೋ ತಪ್ಪೋ ಎಂಬಂತೆ ತಾವೂ ಸದ್ದಿಲ್ಲದೆ ಆ ಮಾತನ್ನು ತುಟಿಯಲ್ಲಿ ಆಡಿಕೊಂಡರು. ನಾನೇನಂದೆ ಎಂದು ಕೇಳಿದರು. ಡಿಮ್ಮಿ ಹೇಳಿದಳು. ನಕ್ಕೆ ಎಂಬುದನ್ನೂ ಹೇಳಿದಳು. ಅಕ್ಕ ಎರಡೂ ಕೈಗಳನ್ನು ಯಂತ್ರದ ಮೇಲೆ ಊರಿದರು. ಖಂಡಿತ ಆಯ್ಕೆಯಾಗುತ್ತಾಳೆ ಎಂದು ಅವರು ದಿನವೆಲ್ಲ ಕಾದಿದ್ದರು. ಮಗಳು ತಲೆ ತಗ್ಗಿಸಿ ಏನೋ ಹೇಳಿದಾಗ ಅದೇ ಇರಬೇಕೆಂದು ನಕ್ಕಿದ್ದರು.

ತಪ್ಪೆಲ್ಲ ದೀಪದ್ದು, ನಿನ್ನ ಕಿವಿಯ ಮಾತೆತ್ತದೆ ನಾನೇ ಅವಳಿಗೆ ಏನಾದರೂ ಹೇಳಿ ಒಪ್ಪಿಸುತ್ತೇನೆ ಎಂದು ಡಿಮ್ಮಿ ಬೇಡಿಕೊಂಡಳು. ಅಕ್ಕ ತಲೆಯಲ್ಲಾಡಿಸಿದರು. “ಇಷ್ಟು ದಿನ ಮುಚ್ಚಿಟ್ಟಿದ್ದು ನಾನು. ನಾನೇ ಹೇಳ್ತೀನಿ. ಆ ಬಟ್ಟಲು ಕೀಳು ಮೊದಲು,” ಎಂದರು.

ಡಿಮ್ಮಿ ಆ ಉದ್ದ ಮೇಜಿನ ಮೇಲೆ ಹತ್ತಿ ನಿಂತಳು. ತಾನೇ ಉಜ್ಜಿ ಹೊಳಪು ತಂದ ಮರ, ಅದರ ಮೇಲೆ ನೀರಿನ ಲೋಟ ಇಟ್ಟರೂ ಕಿರಿಕಿರಿ ಮಾಡುತ್ತಿದ್ದವಳು. ನಾನು ಕೆಳಗಿನಿಂದ ಹಿಡಿದುಕೊಂಡೆ, ಅವಳು ತಿರುಪು ಬಿಚ್ಚಿದಳು. ಹಿತ್ತಾಳೆಯ ಬಟ್ಟಲು ಕೈಗೆ ಬಂತು. ವೈರನ್ನು ಸೂರಿನವರೆಗೆ ಎಳೆದು ಕಟ್ಟಿ, ನನ್ನ ಕೈಯಲ್ಲಿ ಪಕ್ಕದ ಅಂಗಡಿಯಿಂದ ತರಿಸಿದ ದೊಡ್ಡ ಬಿಳಿ ಬಲ್ಬನ್ನು ಬೋಳಾಗಿ ಸಿಕ್ಕಿಸಿದಳು. ಗುಂಡಿ ಒತ್ತಿದರೆ ಕಣ್ಣು ಕುಕ್ಕುವಂಥ ಬೆಳಕು. ಗೋಡೆಯ ಬಣ್ಣ ಕೆಟ್ಟಿತು, ಕುರ್ಚಿಯ ಬಟ್ಟೆ ಕೆಟ್ಟಿತು, ನಮ್ಮ ಮೂವರ ಕಣ್ಣ ಕೆಳಗಿನ ಕಪ್ಪೆಲ್ಲ ಎದ್ದು ಕಂಡಿತು. ಅಕ್ಕ ನನ್ನ ಕಡೆ ನೋಡಿ, ಈಗ ಮನೆಗೆ ಜನ ಬಂದಂತಾಯಿತು ಎಂದರು.

ಚಿಕ್ಕಮ್ಮ ಫೋನಿನಲ್ಲಿ ಬರೆದು ಕರೆಸಿದ್ದರಿಂದ ಹುಡುಗಿ ಸಂಜೆ ಕಾಲೇಜು ಮುಗಿಸಿ ಅಲ್ಲಿಗೇ ಬಂದಳು. ತಾಯಿಯ ಕಡೆ ನೋಡದೆ ಒಳಗೆ ಹೋಗಲಿದ್ದವಳನ್ನು ಅಕ್ಕ ಕೈಹಿಡಿದು ಬಲ್ಬಿನ ಕೆಳಗೆ ತಂದು ಕೂರಿಸಿ, ತಾವು ಎದುರಿಗೆ ಕೂತರು. ಉದ್ದ ಮೇಜಿನ ಅಗಲ ಇಬ್ಬರ ನಡುವೆ ಇತ್ತು. ಅದೂ ದೂರವೆಂದು ಅಕ್ಕ ಮುಂದಕ್ಕೆ ಬಾಗಿದರು.

“ಆವತ್ತು ಹೇಳಿದ್ದನ್ನ ಇನ್ನೊಂದ್ಸಲ ಹೇಳು ಮಗಾ. ತಲೆ ಎತ್ತಿ ಹೇಳು. ಆವತ್ತು ನನಗೆ ನಿನ್ನ ಮುಖ ಕಾಣಲಿಲ್ಲ.”

ಹುಡುಗಿ ಬಿರುಸಿನಿಂದಲೇ ತಲೆ ಎತ್ತಿದಳು. ತಂಡಕ್ಕೆ ತಗೊಳ್ಳಲಿಲ್ಲ ಎಂದಳು. ಸಿಟ್ಟಿನಲ್ಲಿ ಇನ್ನೂ ಏನೇನೋ ಹೇಳುವವಳಿದ್ದಳು. ತಾಯಿಯ ಕಣ್ಣು ತನ್ನ ಕಣ್ಣನ್ನು ನೋಡುತ್ತಿಲ್ಲ, ತುಟಿಯನ್ನು ನೋಡುತ್ತಿದೆ ಎಂಬುದು ಅವಳಿಗೆ ಆಗ ಹೊಳೆಯಿತು. ಅಕ್ಕ ಆ ಮಾತನ್ನು ಮೆಲ್ಲಗೆ, ಪಾಠ ಒಪ್ಪಿಸುವಂತೆ ಮರಳಿ ಹೇಳಿದರು. “ತಂಡಕ್ಕೆ ತಗೊಳ್ಳಲಿಲ್ಲ. ಸರೀನಾ?” ಎಂದು ಕೇಳಿದರು. ಹೇಳುತ್ತಲೇ ಅವರ ಗದ್ದ ನಡುಗಿತು. ಆಮೇಲೆ ಅಕ್ಕ ಕೂದಲು ಸರಿಸಿ ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟು, ಇದಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ ಎಂದು ಎಲ್ಲವನ್ನೂ ಹೇಳಿದರು.

ಹುಡುಗಿ ಮೇಜು ಬಳಸಿಕೊಂಡು ಬಂದು ತಾಯಿಯನ್ನು ತಬ್ಬಿಕೊಳ್ಳುತ್ತಾಳೆ ಎಂದು ನಾನು ಕಾದಿದ್ದೆ. ಅವಳು ಕೂತಲ್ಲಿಂದ ಏಳಲಿಲ್ಲ. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಕೈಯ ಮರೆಯಲ್ಲಿ ಒಂದು ಮಾತು ಕೇಳಿದಳು. ಅದು ನನಗೂ ಡಿಮ್ಮಿಗೂ ಮಾತ್ರ ಕೇಳಿಸಿತು.

“ಚಿಕ್ಕಮ್ಮ, ನಿಮಗೆ ಇದು ಗೊತ್ತಿತ್ತಾ?”

ಅಕ್ಕ ಮಗಳ ಮುಚ್ಚಿದ ಬಾಯಿಯನ್ನೂ ತಂಗಿಯನ್ನೂ ಬದಲಿಸಿ ಬದಲಿಸಿ ನೋಡಿದರು. ಏನಂದಳು ಎಂದು ಕೇಳಿದರು. ಡಿಮ್ಮಿ ಗೋಡೆಯ ನೆರಳಿನಲ್ಲಿ ನಿಂತಿದ್ದಳು. ಅಲ್ಲಿಯೇ ನಿಂತು ಹುಡುಗಿಗಷ್ಟೇ ಉತ್ತರ ಕೊಡಬಹುದಿತ್ತು, ಅಕ್ಕನಿಗೆ ತಿಳಿಯುತ್ತಿರಲಿಲ್ಲ. ಅವಳು ಎರಡು ಹೆಜ್ಜೆ ಮುಂದೆ ಬಂದಳು. ಬೋಳು ಬಲ್ಬಿನ ಕೆಳಗೆ ಮುಖ ಎತ್ತಿ, ತುಟಿ ಬಿಚ್ಚಿ, ಇಬ್ಬರಿಗೂ ತಿಳಿಯುವಂತೆ ಹೇಳಿದಳು.

“ಗೊತ್ತಿತ್ತು.”

ದುಂಡು ಮೇಜು ಆ ವಾರವೇ ಅಕ್ಕನ ಮನೆಗೆ ವಾಪಸಾಯಿತು, ಕಾಲಿನ ಅಡಿಯ ರಟ್ಟಿನ ಸಮೇತ. ನಾವೀಗ ಗೋದಾಮಿನಲ್ಲಿ ದೀಪದ ಖಾಲಿ ಪೆಟ್ಟಿಗೆಗಳ ಮೇಲೆ ಡಬ್ಬಿ ಇಟ್ಟು ಉಣ್ಣುತ್ತೇವೆ. ಪರವೂರಿನಿಂದ ಬಂದ ಭಾವನಿಗೂ ವಿಷಯ ತಿಳಿಯಿತು. ಕರೆದರೆ ಓಗೊಡುವುದಿಲ್ಲವೆಂದು ಬೆನ್ನ ಹಿಂದಿನಿಂದ ಎಷ್ಟು ಸಲ ಸಿಡುಕಿದ್ದೆನೋ ಎಂದು ಅಕ್ಕನ ಎದುರು ಕೂತು ಅತ್ತರಂತೆ. ಈಗ ಎಲ್ಲ ಕೋಣೆಗಳಲ್ಲೂ ಟ್ಯೂಬ್‌ಲೈಟಿದೆ. ಡಿಮ್ಮಿಯೇ ನಿಂತು ಹಾಕಿಸಿದಳು. ಅಂಗಡಿಯ ಗೋಡೆಯ ದೊಡ್ಡ ಚಿತ್ರ ತೆಗೆಸಬೇಕೆಂದು ಮಾಲೀಕರನ್ನು ಕೇಳಿದಳು. ಗಿರಾಕಿಗಳು ಮೆಚ್ಚುತ್ತಾರೆ, ಇರಲಿ ಎಂದರು ಅವರು. ಅವಳೀಗ ಹಿಂದಿನ ಮೆಟ್ಟಿಲಿನಿಂದಲೇ ಹತ್ತಿ ಇಳಿಯುತ್ತಾಳೆ.

ಹುಡುಗಿ ಆಗೊಮ್ಮೆ ಈಗೊಮ್ಮೆ ಅಂಗಡಿಗೆ ಬರುತ್ತಾಳೆ. ಚಿಕ್ಕಮ್ಮನ ಮೇಲಿನ ಸಿಟ್ಟು ಇಳಿದಿದೆ, ಮೊದಲಿನಂತೆಯೇ ಹರಟುತ್ತಾಳೆ. ಮಾತಾಡುತ್ತಾಡುತ್ತ ಗೊತ್ತಿಲ್ಲದೆಯೇ ಸರಿದು ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಲ್ಲುತ್ತಾಳೆ. ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಾಳೆ. ಆಗ ಡಿಮ್ಮಿ ಅವಳನ್ನು ನೋಡಲಾರದೆ, ನಾನು ಮಡಿಸಿಟ್ಟ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತ ಕೂರುತ್ತಾಳೆ.